ಕ್ಷೌರದ ಕತ್ತಿಗೆ ಹದವಾದ ನೊರೆ

ಸೇಫ್ಟಿ ರೇಜರಿಗೆ ಸಾಕಾಗುವ ನೊರೆ ಮಡಚುವ ಕ್ಷೌರದ ಕತ್ತಿಗೆ ಸಾಕಾಗುವುದಿಲ್ಲ. ರೇಜರಿನಲ್ಲಿ 5 ನಿಮಿಷಕ್ಕೆ ಮುಗಿಯುವ ಗಡ್ಡ, ಹೊಸಬರ ಕೈಯಲ್ಲಿ ಕತ್ತಿ ಇದ್ದರೆ 25 ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ನೊರೆ ಒದ್ದೆಯಾಗಿರಬೇಕು. ಅಲಗಿಗೂ ಚರ್ಮಕ್ಕೂ ನಡುವೆ ಬೇರೆ ತಡೆ ಏನೂ ಇಲ್ಲ. ಹಾಗಾಗಿ ನಾನು ನೊರೆ ಎಷ್ಟು ಉಬ್ಬಿದೆ ಎಂದು ನೋಡುವುದಿಲ್ಲ, ಎಷ್ಟು ಜಾರುತ್ತದೆ ಎಂದು ನೋಡುತ್ತೇನೆ.

ಸಾಬೂನು ಕೊಳ್ಳುವಾಗ ಪರಿಮಳಕ್ಕಿಂತ ಮೊದಲು ಡಬ್ಬಿಯ ಹಿಂಬದಿ ಓದಿ. ಸ್ಟಿಯರಿಕ್ ಆಮ್ಲ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ (ಇಲ್ಲವೇ ಪೊಟ್ಯಾಸಿಯಂ ಸ್ಟಿಯರೇಟ್), ಗ್ಲಿಸರಿನ್ ಈ ಮೂರು ಪಟ್ಟಿಯ ಮೇಲ್ಭಾಗದಲ್ಲೇ ಇರಬೇಕು. ಸ್ಟಿಯರಿಕ್ ಆಮ್ಲದಿಂದ ಬರುವ ಗುಳ್ಳೆ ಸಣ್ಣದು, ಬೇಗ ಒಡೆಯದು. ಬರೀ ಸೋಡಿಯಂ ಸಾಬೂನು ಗಟ್ಟಿ, ನಿಧಾನ ಕರಗುತ್ತದೆ. ಪೊಟ್ಯಾಸಿಯಂ ಸೇರಿದರೆ ಬ್ರಶ್ಶಿಗೆ ಸಲೀಸಾಗಿ ಹತ್ತುತ್ತದೆ. ನಮ್ಮ ಕಡೆ ಮನೆಯಲ್ಲೇ ತೆಂಗಿನೆಣ್ಣೆಯ ಸಾಬೂನು ಮಾಡುವವರಿದ್ದಾರೆ. ಮೀಯಲು ಅದು ಒಳ್ಳೆಯದೇ, ಗಡ್ಡಕ್ಕೆ ಬೇಡ. ತೆಂಗಿನೆಣ್ಣೆಯಲ್ಲಿ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲ. ನೊರೆ ತಟ್ಟನೆ ಎದ್ದು ಅಷ್ಟೇ ಬೇಗ ಇಳಿಯುತ್ತದೆ, ಮುಖವೂ ಬಿಗಿಯುತ್ತದೆ. ಸೋಡಿಯಂ ಟ್ಯಾಲೋಯೇಟ್ ಎಂದಿದ್ದರೆ ಅದು ಪ್ರಾಣಿಯ ಕೊಬ್ಬು. ಕೆಲವು ಬ್ರಶ್‌ಗಳು ಹಂದಿಯ ಕೂದಲಿನವು. ಮನೆಯಲ್ಲಿ ಇವು ಆಗದಿದ್ದರೆ ಸಸ್ಯಜನ್ಯ ಸಾಬೂನು, ಸಿಂಥೆಟಿಕ್ ಬ್ರಶ್ ಸಾಕು. ಕೆಲಸದಲ್ಲಿ ಏನೂ ಕಡಿಮೆಯಿಲ್ಲ. ಮೆಂಥಾಲ್ ಇರುವುದನ್ನು ಮೊದಲ ಕೆಲವು ತಿಂಗಳು ಬಿಟ್ಟುಬಿಡಿ: ಉರಿ ಕತ್ತಿಯದ್ದೋ ಸಾಬೂನಿನದ್ದೋ ತಿಳಿಯುವುದಿಲ್ಲ.

ನೀರಿನ ವಿಷಯದಲ್ಲಿ ಕಾಸರಗೋಡಿನವರು ಅದೃಷ್ಟವಂತರು. ಬದಿಯಡ್ಕ, ಎಣ್ಮಕಜೆ, ಪೈವಳಿಕೆ ಕಡೆ ನೀರಿಗೆಂದು ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರು, ಮುರಕಲ್ಲಿನ ಬಾವಿಯ ನೀರು ಹೆಚ್ಚಾಗಿ ಮೆದು. ಆದರೆ ಮೆದು ನೀರಿನಲ್ಲಿ ಚೂರು ಸಾಬೂನಿಗೇ ಬುರುಬುರು ನೊರೆ ಬರುವುದರಿಂದ ಸಾಕೆಂದು ಮೋಸ ಹೋಗುವುದುಂಟು. ಕೊಳವೆಬಾವಿಯ ನೀರು ಗಡಸಾಗಿದ್ದರೆ ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನನ್ನು ಕರಗದ ಕೆನೆಯಾಗಿಸುತ್ತವೆ. ಹೊಳೆಯ ಅಳಿವೆಗೆ ಹತ್ತಿರದ ಬಾವಿಗಳಿಗೆ ಏಪ್ರಿಲ್-ಮೇಯಲ್ಲಿ ಉಪ್ಪು ಏರಿದರೂ ನೊರೆ ಕಟ್ಟುವುದಿಲ್ಲ. ಒಂದು ಬಾಟ್ಲಿಯಲ್ಲಿ ಅರ್ಧ ನೀರು ತುಂಬಿ, ಸಾಬೂನಿನ ನಾಲ್ಕು ತುರಿ ಹಾಕಿ ಜೋರಾಗಿ ಅಲುಗಾಡಿಸಿ. ಕೆಳಗೆ ತಿಳಿನೀರು, ಮೇಲೆ ದಪ್ಪ ನೊರೆ ನಿಂತರೆ ಸರಿ. ಒಡೆದ ಹಾಲಿನಂತೆ ಕಂಡರೆ ನೊರೆಗೆ ಬೇಕಾದ ಒಂದು ಲೋಟ ನೀರನ್ನು ಮಾತ್ರ ಬೇರೆ ಕಡೆಯಿಂದ ತನ್ನಿ, ಮಳೆನೀರಾದರೂ ಆದೀತು.

ಇನ್ನು ನೊರೆ. ಬ್ರಶ್ಶನ್ನು ಬೆಚ್ಚಗಿನ ನೀರಿನಲ್ಲಿ 2 ನಿಮಿಷ ನೆನೆಸಿ (ಸಿಂಥೆಟಿಕ್ ಆದರೆ ಅದ್ದಿದರೆ ಸಾಕು), ಎರಡು ಸಲ ಕೊಡವಿ. ನೀರು ತೊಟ್ಟಿಕ್ಕಬಾರದು. ಸಾಬೂನಿನ ಬಿಲ್ಲೆಯ ಮೇಲೆ 30ರಿಂದ 40 ಸೆಕೆಂಡು ತಿರುಗಿಸಿ. ಮೊದಲು ಗುಳ್ಳೆ ಬರುತ್ತದೆ, ಅಲ್ಲಿಗೆ ನಿಲ್ಲಿಸಬೇಡಿ. ಕೂದಲಿನ ತುದಿಗೆ ಅಂಟಂಟಾದ ಲೇಪ ಹತ್ತಬೇಕು. ಕ್ರೀಮ್ ಆದರೆ ಒಂದು ಗೇರುಬೀಜದ ಬೊಂಡಿನಷ್ಟು. ಬೋಗುಣಿ ಪಿಂಗಾಣಿಯದ್ದಾಗಲಿ, ನಯವಾಗಿ ಹೆರೆದ ಗೆರಟೆಯಾಗಲಿ, ಅಂಗೈಯಲ್ಲಿ ಕೂತರೆ ಸಾಕು.

ಬೋಗುಣಿಗೆ ಅರ್ಧ ಚಹಾಚಮಚ ನೀರು ಹಾಕಿ, ಲೇಪ ಹತ್ತಿದ ಬ್ರಶ್ಶಿನಿಂದ 20 ಸೆಕೆಂಡು ಕಲಸಿ, ಮತ್ತೆ ಅರ್ಧ ಚಮಚ. ಎರಡು-ಮೂರು ಸಲಕ್ಕೆ ನೊರೆ ರುಬ್ಬಿದ ಉದ್ದಿನ ಹಿಟ್ಟಿನಂತೆ ನೆಟ್ಟಗೆ ನಿಲ್ಲುತ್ತದೆ. ಹೊಸಬರು ಕೈಬಿಡುವುದು ಇಲ್ಲೇ, ಕತ್ತಿ ಎಳೆದಾಡುವುದಕ್ಕೆ ಕಾರಣವೂ ಇದೇ. ಈ ನೊರೆಗೆ ಹೊಳಪಿರುವುದಿಲ್ಲ, ಅಲಗಿನ ಮೇಲೆ ಒಣ ಸುರುಳಿಯಾಗಿ ಕೂರುತ್ತದೆ. ಇನ್ನೂ ಎರಡು ಸಲ ನೀರು ಕೊಡಿ. ಗಟ್ಟಿ ಮೊಸರಿನಂತೆ ಹೊಳೆದು, ಬ್ರಶ್ ಎತ್ತಿದಾಗ ತುದಿ ಬಾಗಿದರೆ ಹದ. ಹೆಬ್ಬೆರಳು-ತೋರುಬೆರಳ ನಡುವೆ ಉಜ್ಜಿದರೆ ಎಲ್ಲೂ ಕಚ್ಚಬಾರದು. ಅದಕ್ಕೂ ಮೀರಿದರೆ ನೀರ್ದೋಸೆ ಹಿಟ್ಟಿನಂತೆ ಇಳಿಯುತ್ತದೆ. ಆಗ ಬ್ರಶ್ಶನ್ನು ಮತ್ತೆ ಬಿಲ್ಲೆಯ ಮೇಲೆ 10 ಸೆಕೆಂಡು ಆಡಿಸಿ. ಗಡ್ಡ ತೆಗೆಯದ ದಿನ ಬೇಕೆಂದೇ ಒಮ್ಮೆ ಹದ ಕೆಡುವವರೆಗೆ ನೀರು ಹಾಕಿ ಚಮಚ ಎಣಿಸಿ ನೋಡಿ. ನಿಮ್ಮ ಸಾಬೂನಿಗೆ, ನಿಮ್ಮ ಬಾವಿಗೆ ಎಷ್ಟು ಎಂಬುದು ಬೇರೆಯವರು ಹೇಳಿ ಬರುವುದಿಲ್ಲ.

ತೊಳೆದು ಒದ್ದೆಯಿರುವ ಮುಖಕ್ಕೆ ಒಂದು ನಿಮಿಷ ವೃತ್ತಾಕಾರವಾಗಿ ತಿಕ್ಕಿ, ಕೊನೆಗೆ ಬಣ್ಣ ಬಳಿದಂತೆ ಸವರಿ. ಫ್ಯಾನ್ ಆರಿಸಿ, ಗಾಳಿಗೆ ನೊರೆ ಬೇಗ ಆರುತ್ತದೆ. ಇಡೀ ಮುಖಕ್ಕೆ ಒಮ್ಮೆಲೇ ಹಚ್ಚದೆ ಒಂದೊಂದೇ ಕೆನ್ನೆ ಮುಗಿಸುವುದು ಮೇಲು. ಕತ್ತಿ ಹಾದ ಜಾಗ ಒದ್ದೆಯಾಗಿ ಮಿನುಗಬೇಕು, ಒಣಗಿದಂತೆ ಕಂಡರೆ ಬ್ರಶ್ಶಿನ ತುದಿಯನ್ನಷ್ಟೇ ನೀರಿಗೆ ತಾಗಿಸಿ ಮತ್ತೆ ಸವರಿ. ಚರ್ಮ ಎಳೆದು ಹಿಡಿಯುವ ಬೆರಳಿಗೆ ನೊರೆ ತಾಗಿದರೆ ಹಿಡಿತ ತಪ್ಪುತ್ತದೆ. ಭುಜದ ಮೇಲೆ ಒಣ ಬೈರಾಸು ಇರಲಿ, ಬೆರಳ ತುದಿಗೆ ಪಟಿಕಾರ ಉಜ್ಜಿಕೊಂಡರೆ ಇನ್ನೂ ಗಟ್ಟಿ.

ಮಳೆಗಾಲದಲ್ಲಿ ಗ್ಲಿಸರಿನ್ ಗಾಳಿಯ ತೇವ ಎಳೆದುಕೊಂಡು ಬಿಲ್ಲೆ ಬೆವರುತ್ತದೆ. ಒದ್ದೆಯಿರುವಾಗ ಡಬ್ಬಿ ಮುಚ್ಚಬೇಡಿ, ಬಚ್ಚಲಲ್ಲೂ ಇಡಬೇಡಿ. ಕತ್ತಿಯ ಹಿಡಿಯ ಕೀಲಿಗೆ ನುಗ್ಗಿದ ನೊರೆಯನ್ನು ಅಂದೇ ತೊಳೆದು, ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡಿ. ಜುಲೈಯಲ್ಲಿ ಒಂದೇ ರಾತ್ರಿ ಸಾಕು, ಕೀಲು ಕೆಂಪಾಗುತ್ತದೆ.