ಶಕ್ತಿಮಾನ್ ಒಪ್ಪಿಸಿ ಸ್ಟಾಲಿಯನ್ ತಂದಾಗ

ಹೊಸ ಗಾಡಿ ಬಂದ ಮೊದಲ ಕೆಲವು ತಿಂಗಳು ರೆಜಿಮೆಂಟ್ ಮೊದಲಿಗಿಂತ ಬಲಹೀನವಾಗಿಯೇ ಇರುತ್ತದೆ. ಪೇಪರಿನಲ್ಲಿ ಫೋಟೋ ನೋಡುವವರಿಗೆ ಇದು ತಿಳಿಯುವುದಿಲ್ಲ, ಗ್ರೀಸ್ ಮೆತ್ತಿಕೊಂಡವರಿಗೆ ಮಾತ್ರ ಗೊತ್ತು. ನಾನು ಸೈನ್ಯದ ರಿಪೇರಿ ದಳವಾದ ಇಎಂಇಗೆ ಗಾಡಿ ಮೆಕ್ಯಾನಿಕ್ ಆಗಿ ಸೇರಿ ಸುಬೇದಾರನಾಗಿ ಹೊರಬಂದವನು. ಈಗ ಪುಣೆಯ ಖಡಕಿ ಹತ್ತಿರವೇ ಮನೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ರೆಜಿಮೆಂಟ್ ಇಲ್ಲೇ, ಗಡಿಯಿಂದ ದೂರದ ಪೀಸ್ ಸ್ಟೇಷನ್ನಿನಲ್ಲಿತ್ತು. ರೆಜಿಮೆಂಟಿನ ಹೆಸರು ಬೇಡ. ಹಳೆಯ ಶಕ್ತಿಮಾನ್ ಲಾರಿ ಮತ್ತು ಜೋಂಗಾ ಜೀಪುಗಳನ್ನು ಡಿಪೋಗೆ ಒಪ್ಪಿಸಿ ಹೊಸ ಸ್ಟಾಲಿಯನ್ ಲಾರಿ ಮತ್ತು ಜಿಪ್ಸಿ ಜೀಪುಗಳನ್ನು ತರುವ ಹೊಣೆ ಎಂಟಿ, ಅಂದರೆ ವಾಹನ ವಿಭಾಗದ, ಆಫೀಸರ್ ಸಾಹೇಬರದ್ದು, ಕೈಕೆಲಸ ಎಲ್‌ಎಡಿಯ ನಮ್ಮದು. ಎಲ್‌ಎಡಿ ಅಂದರೆ ರೆಜಿಮೆಂಟಿನ ಜೊತೆಗೇ ಇರುವ ಸಣ್ಣ ರಿಪೇರಿ ತುಕಡಿ.

ಜಗಳ ಶುರುವಾದದ್ದು ಲೆಕ್ಕದಿಂದ. ಯಾವ ಯೂನಿಟ್ಟಿಗೆ ಎಷ್ಟು ಜನ, ಯಾವ ಗಾಡಿ, ಎಷ್ಟು ಎಂಬುದೆಲ್ಲ ಡಬ್ಲ್ಯೂಇ ಎನ್ನುವ ಕಾಗದದಲ್ಲಿ ಬರೆದಿರುತ್ತದೆ. ಶಕ್ತಿಮಾನ್ ಜರ್ಮನಿಯ ಮಾನ್ ಕಂಪನಿಯ ಲೈಸೆನ್ಸಿನಲ್ಲಿ 1959ರಿಂದ ಜಬಲ್ಪುರದಲ್ಲಿ ತಯಾರಾದ ಗಾಡಿ, ಸೈನ್ಯದ ಬಾಯಲ್ಲಿ 'ಥ್ರೀ-ಟನ್'. ಅಶೋಕ್ ಲೇಲ್ಯಾಂಡಿನ ಸ್ಟಾಲಿಯನ್ ಕಚ್ಚಾ ನೆಲದಲ್ಲಿ ಐದು ಟನ್, ಡಾಂಬರಿನ ಮೇಲೆ ಏಳೂವರೆ ಟನ್ ಹೊರುತ್ತದೆ. ಹತ್ತು ಥ್ರೀ-ಟನ್ ಕೊಟ್ಟು ಆರು ಸ್ಟಾಲಿಯನ್ ಪಡೆದರೆ ಮೂವತ್ತಕ್ಕೆ ಮೂವತ್ತು ಟನ್ ಸರಿಹೋಯಿತಲ್ಲ ಎಂದು ಮೇಜಿನ ಮುಂದೆ ಕೂತವರು ಕೇಳುತ್ತಾರೆ. ಭಾರಕ್ಕೆ ಸರಿಹೋಯಿತು, ಕೆಲಸಕ್ಕೆ ಹೋಗಲಿಲ್ಲ. ಒಂದು ಗಾಡಿ ಲಂಗರಿನ, ಅಂದರೆ ಅಡುಗೆಮನೆಯ, ಸಾಮಾನಿಗೆ ಹೋಗುತ್ತದೆ, ಒಂದು ನೀರಿನ ಟ್ರೇಲರ್ ಎಳೆಯುತ್ತದೆ, ಒಂದು ಮದ್ದುಗುಂಡು ಹೊರುತ್ತದೆ, ಇನ್ನೊಂದರಲ್ಲಿ ನಮ್ಮ ಬಿಡಿಭಾಗ. ಮದ್ದುಗುಂಡಿನ ಗಾಡಿಯಲ್ಲಿ ಎರಡು ಟನ್ ಜಾಗ ಉಳಿದಿದೆ ಎಂದು ಲಂಗರಿನ ಒಲೆ ಹೇರುವುದಕ್ಕೆ ಆಗುತ್ತದೆಯೇ? ನಾಲ್ಕು ದಿಕ್ಕಿಗೆ ನಾಲ್ಕು ಕೆಲಸವಿದ್ದರೆ ನಾಲ್ಕು ಗಾಡಿಯೇ ಬೇಕು, ಅದು ಎಷ್ಟೇ ದೊಡ್ಡದಿರಲಿ. ನಮ್ಮ ಸಾಹೇಬರು ಟನ್ ಬಿಟ್ಟು ಕೆಲಸದ ಪಟ್ಟಿ ಹಿಡಿದು ಮೇಲೆ ಬರೆದರು. ಕೇಳಿದ್ದೆಲ್ಲ ಸಿಗಲಿಲ್ಲ, ಆದರೆ ಒಂದಷ್ಟು ಚಿಕ್ಕ ಟಾಟಾ ಎರಡೂವರೆ ಟನ್ ಗಾಡಿಗಳು ಸಿಕ್ಕವು. ಸಣ್ಣ ಕೆಲಸಗಳು ಅವುಗಳಿಂದ ಸಾಗಿದವು.

ಎರಡನೇ ಜಗಳ ಹಂಚಿಕೆಯದು. ಗಾಡಿಗಳು ಕಂತಿನಲ್ಲಿ ಬರುತ್ತವೆ. ರೆಜಿಮೆಂಟಿನೊಳಗಿನ ತುಕಡಿಗಳಿಗೆ ಕಂಪನಿ ಎನ್ನುತ್ತಾರೆ; ಪ್ರತಿ ಕಂಪನಿ ಕಮಾಂಡರ್‌ಗೂ ತನ್ನ ಪಾಲು ಮೊದಲು ಬೇಕು. ಎಲ್ಲರಿಗೂ ಎರಡೆರಡು ಹಂಚಿದರೆ ಯಾರ ಮುಖವೂ ಬಾಡುವುದಿಲ್ಲ, ಆದರೆ ರಿಪೇರಿಯವನು ಸಾಯುತ್ತಾನೆ. ಒಂದೇ ಕಂಪನಿಯಲ್ಲಿ ಎರಡು ಜಾತಿಯ ಗಾಡಿ ಇದ್ದರೆ ಎರಡು ಬಗೆಯ ಫಿಲ್ಟರ್, ಟಯರ್, ಫ್ಯಾನ್ ಬೆಲ್ಟ್ ಜೊತೆಗೊಯ್ಯಬೇಕು, ಎರಡನ್ನೂ ಬಲ್ಲ ಮೆಕ್ಯಾನಿಕ್ ಬೇಕು. 'ಒಂದು ಕಂಪನೀನ ಪೂರಾ ಬದಲಿ ಮಾಡಿ ಮುಗಿಸೋಣ್ರಿ ಸಾಹೇಬ್ರ, ಆಮ್ಯಾಲ ಮುಂದಿಂದು' ಎಂದು ನಾನು ಹಟ ಹಿಡಿದೆ. ಎಂಟಿ ಆಫೀಸರ್ ಬೆಳಗಾವಿ ಕಡೆಯವರು, ನನ್ನ ಕನ್ನಡ ಅವರಿಗೆ ಹಿಂದಿಗಿಂತ ಬೇಗ ನಾಟುತ್ತಿತ್ತು. ಒಪ್ಪಿದರು. ಬದಲಾದ ಕಂಪನಿಯಿಂದ ಹೊರಬಂದ ಶಕ್ತಿಮಾನ್‌ಗಳಲ್ಲಿ ಗಟ್ಟಿಯಾದವನ್ನು ಹಳೆಯ ಕಂಪನಿಗಳಿಗೆ ಕೊಟ್ಟು ಅವುಗಳ ಕೆಟ್ಟ ಗಾಡಿಗಳನ್ನು ಮೊದಲು ಒಪ್ಪಿಸಿದೆವು. ಈ ಒಂದು ಏರ್ಪಾಡಿನಿಂದಲೇ ವಿಓಆರ್, ಅಂದರೆ ಕೆಟ್ಟು ನಿಂತ ಗಾಡಿಗಳ ಪಟ್ಟಿ, ನಮ್ಮ ಹತೋಟಿ ಮೀರಲಿಲ್ಲ.

ಹಳೆಯದನ್ನು ಒಪ್ಪಿಸುವುದು ಹೊಸದನ್ನು ತರುವುದಕ್ಕಿಂತ ಕಷ್ಟ. ಗಾಡಿಯ ಜೊತೆ ಅದರ ಸಿಇಎಸ್, ಅಂದರೆ ಪೂರ್ತಿ ಸಾಮಾನಿನ ಪಟ್ಟಿ, ಸರಿಹೊಂದಬೇಕು. ತಾಡಪತ್ರಿ ಹಾಸಿ ಜಾಕ್, ವೀಲ್ ಪಾನಾ, ಟೋ ಚೈನ್, ಗ್ರೀಸ್ ಗನ್, ಟಯರ್ ಲಿವರ್, ಹುಡ್ಡಿನ ಕಬ್ಬಿಣದ ಕಮಾನು, ಬೆಂಕಿ ಆರಿಸುವ ಸಿಲಿಂಡರ್ ಎಲ್ಲ ಸಾಲಾಗಿ ಇಟ್ಟೆವು. ಒಂದು ಜೋಂಗಾದ ಜಾಕ್ ಮಾತ್ರ ಇಲ್ಲ. ಗಾಡಿ ಹರಾಜಿಗೆ ಹೋಗುವಂಥದ್ದು, ಎಂಜಿನ್ ಹೊಗೆ ಉಗುಳಿ ಉಗುಳಿ ಸತ್ತಿದೆ, ಆದರೂ ಜಾಕ್ ಇಲ್ಲದೆ ಡಿಪೋದವರು ಸಹಿ ಹಾಕುವುದಿಲ್ಲ. ನಷ್ಟದ ಕಾಗದ ಬರೆದು ಸಹಿಗಾಗಿ ಓಡಾಡಿದ್ದೇ ಓಡಾಡಿದ್ದು. ನಾಗರಿಕರು ಇವತ್ತು ಹರಾಜಿನ ಜೋಂಗಾ ಕೊಂಡು, ಬಣ್ಣ ಬಳಿದು, ಲೋನಾವಳಕ್ಕೆ ಹೋಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ಆರು ಸಿಲಿಂಡರಿನ, ಸುಮಾರು ನಾಲ್ಕು ಲೀಟರಿನ ಆ ಪೆಟ್ರೋಲ್ ಎಂಜಿನ್ನಿಗೆ ಎಣ್ಣೆ ಹೊಯ್ದವರಿಗೆ ಅಷ್ಟು ಪ್ರೀತಿ ಬರುವುದಿಲ್ಲ.

ಚಾಲಕರ ವಿಷಯವೇ ಬೇರೆ. ಸ್ಟಾಲಿಯನ್ನಿಗೆ ಪೂರ್ತಿ ಏರ್ ಬ್ರೇಕ್, ಅಂದರೆ ಗಾಳಿಯ ಒತ್ತಡದಿಂದ ನಡೆಯುವ ಬ್ರೇಕ್. ಟ್ಯಾಂಕಿನಲ್ಲಿ ಗಾಳಿಯ ಒತ್ತಡ ಏರುವ ತನಕ ಗಾಡಿ ಕದಲಿಸಬಾರದು. ವಿಜಾಪುರದ ಕಡೆಯ ಒಬ್ಬ ಹಳೆಯ ಚಾಲಕ, ಶಕ್ತಿಮಾನ್ ಮೇಲೆ ಬಹಳ ವರ್ಷ ಕಳೆದವನು, ಕೀಲಿ ತಿರುಗಿಸಿದ ತಕ್ಷಣ ಗೇರಿಗೆ ಕೈ ಹಾಕುತ್ತಿದ್ದ.

'ಚಾಲೂ ಆಗೇತಲ್ರಿ ಸಾಬ್, ಇನ್ನ ಯಾಕ ನಿಲ್ಲೂದು?'

'ಸೂಜಿ ನೋಡೋ ತಮ್ಮಾ. ಸೂಜಿ ಮ್ಯಾಲ ಏರ್ಲಿ.'

'ದುಶ್ಮನ್ ಬಂದ್ರೂ ಸೂಜಿ ನೋಡ್ಕೋತ ಕೂಡ್ರೂದ?'

ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಗಾಳಿ ಸೋರದಂತೆ ಕಾಯುವುದು. ಸೋರಿಕೆ ಇಲ್ಲದಿದ್ದರೆ ರಾತ್ರಿ ನಿಲ್ಲಿಸಿದ ಗಾಡಿಯಲ್ಲಿ ಬೆಳಿಗ್ಗೆಗೂ ಒತ್ತಡ ಸಾಕಷ್ಟು ಉಳಿದಿರುತ್ತದೆ. ಹಾಗಾಗಿ ಬೆಳಗಿನ ಮೇಂಟೆನೆನ್ಸ್ ಪರೇಡಿನಲ್ಲಿ ಪ್ರತಿ ಪೈಪಿನ ಜೋಡಣೆಗೂ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡುವುದನ್ನು ಕಲಿಸಿದೆವು. ಪುಣೆಯ ಮಳೆಗಾಲದಲ್ಲಿ ಇನ್ನೊಂದು ಕೆಲಸ ಹೆಚ್ಚು. ಏರ್ ಟ್ಯಾಂಕಿನ ತಳದ ಕಾಕ್ ತಿರುಗಿಸಿದರೆ ಬುಸ್ ಎಂದು ಗಾಳಿ, ಅದರ ಹಿಂದೆಯೇ ಮಜ್ಜಿಗೆ ಬಣ್ಣದ ಎಣ್ಣೆನೀರು ಚಿಮ್ಮುತ್ತದೆ. ಗಾಳಿಯಲ್ಲಿನ ತೇವ ಒಳಗೆ ಕೂತು ನೀರಾಗಿದ್ದು ಅದು. ದಿನವೂ ಬಿಡದಿದ್ದರೆ ವಾಲ್ವ್‌ಗಳಿಗೆ ತುಕ್ಕು. ಖಂಡಾಳಾ ಘಾಟಿನಲ್ಲಿ ಹೇರಿದ ಗಾಡಿ ಇಳಿಸಿದ ಮೇಲೆ ಆ ಚಾಲಕನೇ ಉಳಿದವರಿಗೆ ಕಾಕ್ ತಿರುಗಿಸಲು ಹೇಳತೊಡಗಿದ.

ಬಿಡಿಭಾಗಗಳ ಕಥೆ ಇಂದಿಗೂ ಅದೇ. ಇಂಡೆಂಟ್, ಅಂದರೆ ಬೇಡಿಕೆಯ ಕಾಗದ, ಕಳಿಸಿದರೆ 'ಎನ್‌ಎ', ಅಂದರೆ ಲಭ್ಯವಿಲ್ಲ, ಎಂಬ ಎರಡಕ್ಷರ ವಾಪಸ್. ಜಿಪ್ಸಿ ಮಾರುತಿಯದು, ಊರಲ್ಲಿ ಓಡುವ ಗಾಡಿ, ನಾನಾ ಪೇಠೆಯ ಅಂಗಡಿಗಳಲ್ಲಿ ಬೇಕಾದ್ದು ಸಿಗುತ್ತಿತ್ತು. ಲೋಕಲ್ ಪರ್ಚೇಸಿಗೆ ಮಂಜೂರಿ ಸಿಕ್ಕರೆ ಸಂಜೆಯೊಳಗೆ ಗಾಡಿ ಓಡುತ್ತಿತ್ತು. ಸ್ಟಾಲಿಯನ್ನಿನ ಮಾಮೂಲಿ ಸಾಮಾನು ಎಷ್ಟೋ ಊರ ಲಾರಿಗಳದ್ದೇ. ಆದರೆ ಮುಂದಿನ ಗಾಲಿಗೂ ಶಕ್ತಿ ಕೊಡುವ ಟ್ರಾನ್ಸ್‌ಫರ್ ಕೇಸ್, ಮುಂದಿನ ಆಕ್ಸಲ್ಲಿನ ಭಾಗಗಳು ಪೇಟೆಯಲ್ಲಿಲ್ಲ, ಏಕೆಂದರೆ ಊರ ಲಾರಿಗೆ ಅವು ಬೇಡ. ಸೈನ್ಯದ ಗಾಡಿಯನ್ನು ಸೈನ್ಯದ್ದಾಗಿಸುವ ಭಾಗವೇ ಸಿಗದಿದ್ದರೆ ಉಳಿದದ್ದು ಬರೀ ಲಾರಿ. ಆದ್ದರಿಂದ ಮೊದಲ ಕಂತಿನ ಜೊತೆಗೇ ಅವುಗಳ ದಾಸ್ತಾನು ಕೇಳಬೇಕು. ವಾರಂಟಿ ಮುಗಿದ ಮೇಲೆ ಕೇಳಿದರೆ ತಡ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಸೈನ್ಯದ ಸುಧಾರಣೆಗೆಂದು ನೇಮಿಸಿದ್ದ ಶೇಕಟ್ಕರ್ ಸಮಿತಿಯ ಶಿಫಾರಸುಗಳಲ್ಲಿ 65ನ್ನು ಸರ್ಕಾರ 2017ರಲ್ಲಿ ಒಪ್ಪಿತು. ಸುಮಾರು 57,000 ಹುದ್ದೆಗಳ ಮರುಹಂಚಿಕೆ, ಬೇಸ್ ವರ್ಕ್‌ಶಾಪ್ ಎಂಬ ದೊಡ್ಡ ರಿಪೇರಿ ಕಾರ್ಖಾನೆಗಳೂ ಸೇರಿ ರಿಪೇರಿ ವ್ಯವಸ್ಥೆಯ ಪುನರ್ರಚನೆ, ವಾಹನ ಡಿಪೋಗಳ ಮರುಜೋಡಣೆ, ಚಾಲಕರ ಭರ್ತಿಗೆ ಹೆಚ್ಚಿನ ಅರ್ಹತೆ ಎಲ್ಲ ಅದರಲ್ಲಿದ್ದವು. ಬೇಸ್ ವರ್ಕ್‌ಶಾಪ್ ಇರುವ ಖಡಕಿಯಲ್ಲಿ ಆ ದಿನ ಚಹಾದಂಗಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ. ಚಾಲಕರ ಅರ್ಹತೆಯದ್ದಂತೂ ಬರಬೇಕಾದ್ದು ತಡವಾಗಿ ಬಂತು ಎಂದೇ ನನ್ನ ಅಭಿಪ್ರಾಯ. 2025ರ ಮಾರ್ಚಿನಲ್ಲಿ ಸುಮಾರು 5,000 ಹಗುರ ವಾಹನಗಳಿಗೆ ಫೋರ್ಸ್ ಮೋಟರ್ಸ್ ಮತ್ತು ಮಹೀಂದ್ರಾ ಜೊತೆ ಒಪ್ಪಂದವಾಯಿತು. ಫೋರ್ಸ್ ಮೋಟರ್ಸ್ ನಮ್ಮ ಆಕುರ್ಡಿಯದೇ. ಅವರ ಗುರ್ಖಾ ಡೀಸೆಲ್ ಗಾಡಿ, ಅದಕ್ಕೇ ನನಗೆ ಖುಷಿ. ಪೆಟ್ರೋಲ್ ಜಿಪ್ಸಿಗಾಗಿ ಡೀಸೆಲ್ ಲಾರಿಗಳ ಕಾನ್ವಾಯಿನಲ್ಲಿ ಪ್ರತ್ಯೇಕ ಜೆರಿಕ್ಯಾನ್‌ಗಳನ್ನು ಹೊತ್ತವರಿಗೆ ಒಂದೇ ಇಂಧನದ ಸುಖ ಗೊತ್ತು. ಆದರೆ ಈ ಎರಡು ತಯಾರಕರ ಗಾಡಿಗಳನ್ನು ಒಂದೇ ಯೂನಿಟ್ಟಿನಲ್ಲಿ ಬೆರೆಸದಿರಲಿ.

ಅದೇ ವರ್ಷ ಜುಲೈ 26ರಂದು ದ್ರಾಸ್‌ನಲ್ಲಿ ಸೇನಾ ಮುಖ್ಯಸ್ಥ ಜನರಲ್ ಉಪೇಂದ್ರ ದ್ವಿವೇದಿ ರುದ್ರ ಬ್ರಿಗೇಡುಗಳನ್ನು ಘೋಷಿಸಿದರು. ಪದಾತಿ, ಮೆಕನೈಸ್ಡ್ ಪದಾತಿ, ಟ್ಯಾಂಕು, ತೋಪು, ಡ್ರೋನು ಎಲ್ಲ ಒಂದೇ ಬ್ರಿಗೇಡಿನಲ್ಲಿ. ಲಡಾಯಿಗೆ ಇದು ಒಳ್ಳೆಯದು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಮೊದಲು ಟ್ಯಾಂಕಿನ ರೆಜಿಮೆಂಟಿಗೆ ಟ್ಯಾಂಕಿನ ರಿಪೇರಿಯವರು, ಪದಾತಿಗೆ ಚಕ್ರದ ಗಾಡಿಯವರು ಎಂದಿದ್ದ ಜಾಗದಲ್ಲಿ ಈಗ ಒಂದೇ ತುಕಡಿ ಎಲ್ಲದರ ಬಿಡಿಭಾಗ ಹೊರಬೇಕಾಗುತ್ತದೆ. ಆ ಬ್ರಿಗೇಡಿನ ಡಬ್ಲ್ಯೂಇ ಬರೆಯುವವರು ಹೋರಾಡುವ ಗಾಡಿಗಳ ಸಾಲು ಮುಗಿಸುವ ಮೊದಲೇ ರಿಪೇರಿ ಲಾರಿಗಳ ಸಾಲು ತುಂಬಲಿ, ಅದನ್ನೂ ಟನ್ ಲೆಕ್ಕದಲ್ಲಿ ತುಂಬದಿರಲಿ.