ಮುರುಗಲೋ, ಉಪ್ಪಾಗೆಯೋ? ಬೆಟ್ಟದ ಹುಳಿಮರಗಳನ್ನು ಗುರುತಿಸುವ ಬಗೆ

ಸಿದ್ದಾಪುರ, ಶಿರಸಿ ಕಡೆಯ ಸೊಪ್ಪಿನಬೆಟ್ಟಗಳಲ್ಲಿ, ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡುಗಳಲ್ಲಿ, ಮುರುಗಲು (ಕೋಕಂ), ಉಪ್ಪಾಗೆ, ಜಾರಿಗೆ, ಅರಿಶಿನಗುರುಗಿ ಎಲ್ಲವೂ ಇವೆ. ನಾಲ್ಕೂ ಗಾರ್ಸೀನಿಯಾ ಕುಲದವು. ನಾಲ್ಕಕ್ಕೂ ಎದುರುಬದುರು ಎಲೆ, ಮುರಿದರೆ ಅಂಟು, ವರ್ಷವಿಡೀ ಹಸಿರು. ನರ್ಸರಿ ನಡೆಸುವ ನನಗೆ ಬೀಜ ಯಾವ ಮರದ್ದೆಂಬುದು ಖಚಿತವಾಗಲೇಬೇಕು. “ಅಕ್ಕಾ, ಮುರುಗಲು ಗಿಡ ಕೊಡಿ” ಎಂದು ಕೇಳಿ ಬಂದವರು ಬೇರೆ ಗಿಡ ಒಯ್ದು ನೆಟ್ಟರೆ, ಅದು ಗೊತ್ತಾಗುವುದು ಏಳೆಂಟು ವರ್ಷ ಸಾಕಿ ಕಾಯಿ ಬಿಟ್ಟ ಮೇಲೆ.

ಹಣ್ಣಿರುವಾಗ ಗುರುತಿಸುವುದು ಸುಲಭ. ಆದರೆ ಬಣ್ಣವನ್ನು ನಂಬಬೇಡಿ. ಮುರುಗಲು ಕಡುಗೆಂಪು, ಉಪ್ಪಾಗೆ ಹಳದಿ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಕಡೆ ಬಿಳಿ ಮುರುಗಲು ಎಂಬುದೂ ಇದೆ. ಅದು ಪೂರ್ತಿ ಹಣ್ಣಾದರೂ ಕೆಂಪಾಗದೆ ಹಳದಿಯಾಗಿಯೇ ಉಳಿಯುತ್ತದೆ. ಹಾಗಾಗಿ ಹಣ್ಣನ್ನು ಕೈಗೆತ್ತಿಕೊಂಡು ಸಿಪ್ಪೆಯ ಮೇಲೆ ಬೆರಳಾಡಿಸಿ. ಉಪ್ಪಾಗೆಗೆ ತೊಟ್ಟಿನಿಂದ ತುದಿಯವರೆಗೆ ಆಳವಾದ ಗೆರೆಗಳಿರುತ್ತವೆ, ಪುಟ್ಟ ಸಿಹಿಗುಂಬಳದ ಹಾಗೆ. ಮುರುಗಲು ಕೆಂಪಿರಲಿ, ಬಿಳಿಯಿರಲಿ, ಗುಂಡಗೆ ನುಣುಪಾಗಿರುತ್ತದೆ. ಜಾರಿಗೆಯೂ ಹಳದಿ, ಅದೂ ನುಣುಪು. ಆದರೆ ಅದರ ತುದಿ ಚೂಪಾಗಿ, ಸ್ವಲ್ಪ ಒಂದು ಬದಿಗೆ ವಾಲಿರುತ್ತದೆ. ಅರಿಶಿನಗುರುಗಿಯ ಹಣ್ಣು ಚಿಕ್ಕದು.

ಕಾಲವೂ ಗುರುತು ಹೇಳುತ್ತದೆ. ಮುರುಗಲು ಏಪ್ರಿಲ್–ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು ಹಣ್ಣಾಗುತ್ತದೆ. ಸಿಪ್ಪೆ ಬಿಸಿಲಿಗೆ ಒಣಗುತ್ತದೆ. ಉಪ್ಪಾಗೆ ಹಣ್ಣಾಗುವುದು ಜೂನ್‌ನಿಂದ ಆಗಸ್ಟ್‌ವರೆಗೆ, ಜಡಿಮಳೆಯಲ್ಲಿ. ಅದಕ್ಕೇ ಅದರ ಸಿಪ್ಪೆಯನ್ನು ಒಲೆಯ ಮೇಲೆ ಹೊಗೆಯಲ್ಲಿ ಕಪ್ಪಾಗುವವರೆಗೆ ಒಣಗಿಸುತ್ತಾರೆ.

ಹಣ್ಣಿಲ್ಲದ ದಿನಗಳಲ್ಲಿ ಎಲೆಯೇ ಗತಿ. ಜಾರಿಗೆಯನ್ನು ಮೊದಲು ಬದಿಗಿಡಿ: ಅದರ ಎಲೆ ಒಂದು ಗೇಣಿಗೂ ಉದ್ದ, ದಪ್ಪ, ಎಳೆಯ ರೆಂಬೆಗೆ ಅಂಚುಗಳಿರುತ್ತವೆ. ಕಷ್ಟವಿರುವುದು ಮುರುಗಲು ಮತ್ತು ಉಪ್ಪಾಗೆಯ ನಡುವೆ. ಮುರುಗಲಿನ ಎಲೆ ತೆಳುವು, ಅಡಿಭಾಗ ಮಾಸಲು ಹಸಿರು, ಸಪೂರ ರೆಂಬೆಗಳು ಕೆಳಕ್ಕೆ ಜೋತಿರುತ್ತವೆ. ಚಿಗುರು ಕೆಂಪು. ಉಪ್ಪಾಗೆಯ ಎಲೆ ದಪ್ಪ, ಕಡುಹಸಿರು, ಹೊಳಪು. ಬುಡದಲ್ಲಿ ಕಿರಿದಾಗಿ ತುದಿಯ ಕಡೆ ಅಗಲವಾಗುತ್ತದೆ. ಒಂದೇ ಎಲೆ ನೋಡಿ ತೀರ್ಮಾನಿಸಬೇಡಿ. ನೆರಳಿನ ರೆಂಬೆಯ ಎಲೆ ಒಂದು ತರ, ಬಿಸಿಲಿಗೆ ಬಿದ್ದ ರೆಂಬೆಯದು ಇನ್ನೊಂದು ತರ. ಎರಡೂ ಕಡೆಯಿಂದ ನಾಲ್ಕಾರು ಎಲೆ ಕಿತ್ತು ಪಕ್ಕಪಕ್ಕ ಇಟ್ಟು ನೋಡಿ.

ಅರಿಶಿನಗುರುಗಿಯ ಅನುಮಾನ ಬಂದರೆ ಅಂಟು ನೋಡಬೇಕು. ಇದಕ್ಕಾಗಿ ಕೆಲವರು ಕಾಂಡಕ್ಕೆ ಕತ್ತಿ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಳೆಯ ರೆಂಬೆಯ ತುದಿ ಮುರಿದರೆ ಸಾಕು. ಗಾಯದ ಬಾಯಲ್ಲಿ ಗಾಢ ಹಳದಿ ಹನಿ ನಿಧಾನಕ್ಕೆ ದಪ್ಪಗಾಗುತ್ತದೆ, ಬೆರಳಿಗೆ ತಾಗಿದರೆ ಬಣ್ಣ ಹಿಡಿಯುತ್ತದೆ. ಹಿಂದೆ ಚಿತ್ರ ಬರೆಯುವವರು ಬಳಸುತ್ತಿದ್ದ ಗ್ಯಾಂಬೋಜ್ ಎಂಬ ಹಳದಿ ಬಣ್ಣ ಇಂಥ ಅಂಟಿನದೇ.

ಬೀಜ ತಂದ ದಿನವೇ ತೊಳೆದು ನೆರಳಲ್ಲಿಡಿ, ಒಣಗಿದರೆ ಹುಟ್ಟುವುದಿಲ್ಲ. ಮುರುಗಲು ತಿಂಗಳೊಳಗೆ ಮೊಳೆಯಲು ಶುರುವಾಗುತ್ತದೆ. ಉಪ್ಪಾಗೆ ಐದಾರು ತಿಂಗಳು ಮಣ್ಣಿನೊಳಗೇ ಕೂರುತ್ತದೆ, ಸತ್ತಿತೆಂದು ಚೀಲ ಸುರಿಯಬೇಡಿ. ಬೀಜದ ಮೇಲಿನ ಸಿಪ್ಪೆಯನ್ನು ಜಾಗ್ರತೆಯಿಂದ ಬಿಡಿಸಿ ಹಾಕಿದರೆ ಬೇಗ ಏಳುತ್ತದೆ. ಪ್ರತಿ ಚೀಲಕ್ಕೂ ಯಾವ ಮರ, ಯಾವ ತಿಂಗಳು ಎಂದು ಚೀಟಿ ಕಟ್ಟಿ. ಸಸಿ ನೋಡಿ ಆಮೇಲೆ ಗುರುತಿಸೋಣ ಎಂದರೆ ಆಗುವ ಕೆಲಸವಲ್ಲ.

ಜಾತಿ ಖಚಿತವಾದರೂ ಮುರುಗಲಿನಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಇದನ್ನು ಎಲೆಯಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೂ ಬಂದಾಗ ನೋಡಿ: ಗೊಂಚಲಾಗಿ ಬರೀ ಕೇಸರಗಳೇ ತುಂಬಿದ್ದರೆ ಗಂಡು, ಹೂವಿನ ನಡುವೆ ಹಸಿರು ಗುಂಡಿದ್ದರೆ ಹೆಣ್ಣು. ಹಣ್ಣೇ ಬೇಕೆನ್ನುವವರಿಗೆ ನಾನು ಹೆಣ್ಣು ಮರದ ಕಸಿ ಗಿಡವನ್ನೇ ಕೊಡುತ್ತೇನೆ. ಕಸಿಗೆ ನೆಟ್ಟಗೆ ಮೇಲೇರುವ ಚಿಗುರನ್ನು ಬಳಸಿದ್ದಾರೋ ಎಂದು ಕೇಳಿ ತಿಳಿಯಿರಿ. ಅಡ್ಡ ರೆಂಬೆಯಿಂದ ಕಟ್ಟಿದ್ದಾದರೆ ಗಿಡ ಮೇಲೇಳದೆ ನೆಲದುದ್ದಕ್ಕೆ ಹರಡುತ್ತದೆ.