2004ರ ರಿಸೀವರಿನಲ್ಲಿ ಟ್ರೂಎಚ್‌ಡಿ: ನನ್ನ ಅನುಭವ

ಮೊನ್ನೆ ಶನಿವಾರ ರಾತ್ರಿ ಸುರತ್ಕಲ್ಲಿನ ನಮ್ಮ ಮನೆಯಲ್ಲಿ 2004ರ ರಿಸೀವರಿನಿಂದ (ಹೋಮ್ ಥಿಯೇಟರ್ ಆಂಪ್ಲಿಫೈಯರ್) ಬ್ಲೂ-ರೇ ಸಿನಿಮಾದ ಡಾಲ್ಬಿ ಟ್ರೂಎಚ್‌ಡಿ ಟ್ರ್ಯಾಕ್ ಕೇಳಿದೆ. 640 ಕೆಬಿಪಿಎಸ್‌ನ ಎಸಿ3 (ಮಾಮೂಲಿ ಡಾಲ್ಬಿ ಡಿಜಿಟಲ್) ಅಲ್ಲ, ಡಿಟಿಎಸ್ ಕೋರ್ (ಮಾಮೂಲಿ ಡಿಟಿಎಸ್) ಅಲ್ಲ. ಅಸಲು ಲಾಸ್‌ಲೆಸ್, ಅಂದರೆ ಏನೂ ಕಳೆಯದ ಸದ್ದು, ಆರೂ ಚಾನೆಲ್. "ಎಚ್‌ಡಿಎಂಐ ಇಲ್ಲದ ಡಬ್ಬ ಅದು, ಗುಜರಿಗೆ ಹಾಕು ಮಾರಾಯ" ಎಂದವರಿಗೆಲ್ಲ ಅವತ್ತೇ ಫೋನ್ ಮಾಡಿದೆ.

ಈ ರಿಸೀವರ್ ಮಾವ ಕುವೈಟಿನಿಂದ ತಂದದ್ದು. ಹನ್ನೆರಡು, ಹದಿಮೂರು ಕಿಲೋ ಭಾರ. ಒಳಗಿನ ಟ್ರಾನ್ಸ್‌ಫಾರ್ಮರ್ ನೋಡಿದರೆ ಈಗಿನ ಹದಿನೈದು ಸಾವಿರದ ಸೆಟ್ಟುಗಳ ಮೇಲೆ ಮನಸ್ಸೇ ಬರುವುದಿಲ್ಲ. ಹಿಂದೆ ಡಿಜಿಟಲ್ ಸದ್ದಿಗೆ ಆಪ್ಟಿಕಲ್ ಎರಡು, ಕೋಆಕ್ಸಿಯಲ್ ಒಂದು, ಮತ್ತೆ ಮೂಲೆಯಲ್ಲಿ ಅನಲಾಗ್ ಸದ್ದಿಗೆ ಆರು ಆರ್‌ಸಿಎ ತೂತುಗಳ 'ಮಲ್ಟಿ ಚಾನೆಲ್ ಇನ್'. ಡಿವಿಡಿ-ಆಡಿಯೋ, ಎಸ್‌ಎಸಿಡಿ ಎಂಬ ಹಾಡಿನ ಡಿಸ್ಕುಗಳ ಪ್ಲೇಯರುಗಳಿಗಾಗಿ ಆಗ ಕೊಡುತ್ತಿದ್ದದ್ದು. ಇಪ್ಪತ್ತು ವರ್ಷ ಆ ತೂತುಗಳಿಗೆ ನಾನು ಕೈ ಹಾಕಿರಲಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಅವೇ.

ಆಪ್ಟಿಕಲ್‌ನಲ್ಲಿ ಟ್ರೂಎಚ್‌ಡಿ ಹೋಗುವುದಿಲ್ಲ. ಅದರಂಥದ್ದೇ ಇನ್ನೊಂದು, ಡಿಟಿಎಸ್-ಎಚ್‌ಡಿ ಆದರೆ ಒಳಗಿನ 1.5 ಎಂಬಿಪಿಎಸ್ ಕೋರ್ ಆದರೂ ಬರುತ್ತದೆ. ಟ್ರೂಎಚ್‌ಡಿಯಲ್ಲಿ ಆ ಕೋರ್ ಇಲ್ಲ, ಡಿಸ್ಕಿನಲ್ಲಿ ಜೊತೆಗಿಟ್ಟ ಎಸಿ3 ಮಾತ್ರ. ಟಿವಿಯ ಎಆರ್‌ಸಿ (ಟಿವಿಯಿಂದ ರಿಸೀವರಿಗೆ ಸದ್ದು ಕಳಿಸುವ ಎಚ್‌ಡಿಎಂಐ ದಾರಿ) ಮೂಲಕ ತರುತ್ತೇನೆ ಎನ್ನುವವರಿಗೂ ಅದೇ ಗತಿ, ಅದರ ಸುಧಾರಿತ ರೂಪ ಇಎಆರ್‌ಸಿ ಬೇಕು. ಹಾಗೆಯೇ ನಿಮ್ಮ ರಿಸೀವರಿಗೆ ಹಳೇ ಎಚ್‌ಡಿಎಂಐ ಇದ್ದು, ಅದು ಮಲ್ಟಿಚಾನೆಲ್ ಪಿಸಿಎಂ (ಬಿಡಿಸಿದ ಡಿಜಿಟಲ್ ಸದ್ದು) ತಗೊಳ್ಳುತ್ತದೆ ಅಂತಾದರೆ ಇಷ್ಟೆಲ್ಲ ಬೇಡವೇ ಬೇಡ. ಡಿಕೋಡಿಂಗ್ ಪ್ಲೇಯರಿನಲ್ಲೇ ಮಾಡಿಸಿ, ಆರಾಮಾಗಿ ಕೇಳಿ.

ನನ್ನದಕ್ಕೆ ಆ ಭಾಗ್ಯ ಇಲ್ಲ. ಹಾಗಾಗಿ ಮೊದಲು 5.1 (ಐದು ಸ್ಪೀಕರ್, ಒಂದು ಸಬ್ ವೂಫರ್) ಅನಲಾಗ್ ಔಟ್ ಇರುವ ಹಳೇ ಬ್ಲೂ-ರೇ ಪ್ಲೇಯರ್ ಹುಡುಕಿದೆ. ಸೆಕೆಂಡ್ ಹ್ಯಾಂಡ್, ಸುಮಾರು ನಾಲ್ಕೂವರೆ ಸಾವಿರ. ಮೂರು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಮಳೆಗಾಲ ಶುರುವಾಯಿತು, ಲೆನ್ಸ್ ಡಿಸ್ಕ್ ಓದುವುದನ್ನು ಬಿಟ್ಟಿತು. ಬಿಡಿಭಾಗ ಎಲ್ಲೂ ಸಿಗಲಿಲ್ಲ. ಆ ದುಡ್ಡು ಹೋಯಿತು.

ಮುಂದೆ ಪ್ಲೇಯರಿನ ಜಾಗಕ್ಕೆ ಪಿಸಿ, ಜೊತೆಗೆ ಎಚ್‌ಡಿಎಂಐ ಎಕ್ಸ್‌ಟ್ರಾಕ್ಟರ್, ಅಂದರೆ ಎಚ್‌ಡಿಎಂಐಯಿಂದ ಸದ್ದನ್ನು ಬೇರೆ ಮಾಡಿ ಅನಲಾಗ್ ಆಗಿ ಕೊಡುವ ಡಬ್ಬಿ. ಮೊದಲನೆಯದು ಹದಿನೆಂಟು ನೂರು ರೂಪಾಯಿ. ಪೆಟ್ಟಿಗೆಯ ಮೇಲೆ 5.1 ಅಂತ ದೊಡ್ಡದಾಗಿ ಬರೆದಿತ್ತು. ಒಳಗೆ ಇದ್ದದ್ದು ಎಸಿ3 ಮತ್ತು ಡಿಟಿಎಸ್ ಬಿಡಿಸುವ ಚಿಪ್ ಅಷ್ಟೆ. ಪಿಸಿಎಂ ಕೊಟ್ಟರೆ ಎರಡೇ ಚಾನೆಲ್. ಎರಡನೆಯದು ಐದು ಸಾವಿರದ ಹತ್ತಿರ, 7.1 ಎಲ್‌ಪಿಸಿಎಂ (ಎಂಟು ಚಾನೆಲ್ಲಿನ ಪಿಸಿಎಂ) ತಗೊಳ್ಳುವಂಥದ್ದು. ಅದೂ ಎರಡೇ ಚಾನೆಲ್ ಕೊಟ್ಟಿತು! ಒಂದು ವಾರ ನಿದ್ದೆ ಇಲ್ಲ. ಆಮೇಲೆ ನೋಡಿದರೆ ಬದಿಯಲ್ಲಿ ಅಕ್ಕಿ ಕಾಳಿನಷ್ಟು ದೊಡ್ಡ ಇಡಿಐಡಿ ಸ್ವಿಚ್. ಅದು ಟಿವಿಯ ಸಾಮರ್ಥ್ಯವನ್ನೇ ಪಿಸಿಗೆ ಹೇಳುತ್ತಿತ್ತು. ಟಿವಿ ಸ್ಟೀರಿಯೋ ಅಲ್ವಾ, ಪಿಸಿಯೂ ಸ್ಟೀರಿಯೋ ಕಳಿಸುತ್ತಿತ್ತು. ಸೂಜಿಯಿಂದ ಆ ಸ್ವಿಚ್ಚನ್ನು 7.1ಕ್ಕೆ ದೂಡಿ ಪಿಸಿ ರೀಸ್ಟಾರ್ಟ್ ಮಾಡಿದೆ. ಹಿಂದಿನ ಸ್ಪೀಕರುಗಳಿಗೆ ಜೀವ ಬಂತು.

ಆಫೀಸಿನವರು ಬೇಡ ಎಂದು ಕೊಟ್ಟ ಹಳೇ ಡೆಸ್ಕ್‌ಟಾಪೇ ಪ್ಲೇಯರ್. ಅದರಲ್ಲಿ ಕೋಡಿ ಎಂಬ ಸಿನಿಮಾ ನುಡಿಸುವ ಸಾಫ್ಟ್‌ವೇರ್. ಪಾಸ್‌ಥ್ರೂ (ಬಿಡಿಸದೆ ಹಾಗೇ ಕಳಿಸುವುದು) ಆಫ್, ಚಾನೆಲ್ 5.1. ಸಾಫ್ಟ್‌ವೇರೇ ಟ್ರೂಎಚ್‌ಡಿಯನ್ನೂ ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋವನ್ನೂ ಬಿಡಿಸಿ ಪಿಸಿಎಂ ಮಾಡುತ್ತದೆ.

ಇಲ್ಲಿಗೆ ಮುಗಿಯಿತು ಅಂದುಕೊಂಡರೆ ಹಮ್ಮಿಂಗ್. ಸ್ಪೀಕರಿನಲ್ಲಿ ದುಂಬಿ ಕೂತ ಹಾಗೆ ಒಂದೇ ಸಮ ಗುಂಯ್. ಮೊದಲು ಆರ್‌ಸಿಎ ಪಿನ್ನುಗಳನ್ನು ನೋಡಿದೆ. ಸಮುದ್ರದ ಗಾಳಿಗೆ ಹಸಿರು ಕಿಲುಬು ಹಿಡಿದಿತ್ತು. ಐಸೋಪ್ರೊಪೈಲ್ ಹಾಕಿ ಹತ್ತಿಯಿಂದ ಉಜ್ಜಿದೆ, ಕರಕರ ನಿಂತಿತು, ಗುಂಯ್ ನಿಲ್ಲಲಿಲ್ಲ. ಒಂದೊಂದೇ ವಯರ್ ಕಿತ್ತು ನೋಡುತ್ತಾ ಹೋದಾಗ ಸೆಟ್‌ಟಾಪ್ ಬಾಕ್ಸಿನ ಕೇಬಲ್ ತೆಗೆದ ಕೂಡಲೇ ಮುಕ್ಕಾಲು ಪಾಲು ಸದ್ದು ಹೋಯಿತು. ಗ್ರೌಂಡ್ ಲೂಪ್, ಅಂದರೆ ಎರಡು ದಾರಿಯಲ್ಲಿ ಅರ್ತ್ ಸೇರಿ ಹುಟ್ಟುವ ಸದ್ದು. ಉಳಿದದ್ದು ಅರ್ತಿಂಗಿನದ್ದು. ನಮ್ಮದು ಮುರಕಲ್ಲಿನ ನೆಲ, ಏಪ್ರಿಲ್ ಬಂದರೆ ಅರ್ತ್ ಗುಂಡಿ ಒಣಗಿ ಬೂದಿ. ಇದ್ದಿಲು, ಉಪ್ಪು ಹೊಸದಾಗಿ ತುಂಬಿಸಿದೆ. ಕೆಲಸದವರಿಗೆ ಹನ್ನೆರಡು ನೂರು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹೊಯ್ಯುತ್ತೇನೆ. ಅರ್ತ್ ಪಿನ್ ಮುರಿದು ಹಮ್ಮಿಂಗ್ ನಿಲ್ಲಿಸುವ ಕೆಲಸ ಮಾತ್ರ ಯಾರೂ ಮಾಡಬೇಡಿ, ಜೀವಕ್ಕೆ ಅಪಾಯ.

ಅತಿ ಹೆಚ್ಚು ಸತಾಯಿಸಿದ್ದು ಬಾಸ್. ನನ್ನ ರಿಸೀವರ್ ಮಲ್ಟಿ ಚಾನೆಲ್ ಇನ್‌ನಲ್ಲಿ ಬಂದ ಸದ್ದನ್ನು ಮುಟ್ಟುವುದೇ ಇಲ್ಲ. ಕ್ರಾಸ್‌ಓವರ್ (ಬಾಸನ್ನು ಬೇರೆ ಮಾಡಿ ಸಬ್ಬಿಗೆ ಕಳಿಸುವುದು) ಇಲ್ಲ, ಸ್ಪೀಕರುಗಳ ದೂರದ ಲೆಕ್ಕ ಇಲ್ಲ. ನಾಲ್ಕಿಂಚಿನ ಪುಟ್ಟ ಸ್ಪೀಕರುಗಳಿಗೆ 30 ಹರ್ಟ್ಸ್‌ನ ಆಳದ ಬಾಸ್ ಹೋದರೆ ಕೋನ್ ಹೊರಗೆ ಹಾರುವ ಹಾಗೆ ಒದ್ದಾಡುತ್ತದೆ. ಸಬ್ ವೂಫರ್ ಸುಮ್ನೆ ಕೂತಿರುತ್ತದೆ. ಈಕ್ವಲೈಜರ್ ಎಪಿಒ (ಸದ್ದು ತಿದ್ದುವ ಸಾಫ್ಟ್‌ವೇರ್) ಹಾಕಿ ಪಿಸಿಯಲ್ಲೇ 80 ಹರ್ಟ್ಸ್‌ನಲ್ಲಿ ಕತ್ತರಿಸಿ, ಕೆಳಗಿನ ಬಾಸನ್ನು ಸಬ್ಬಿನ ಚಾನೆಲ್ಲಿಗೆ ಸೇರಿಸಿದೆ. ಏನೂ ಬದಲಾಗಲಿಲ್ಲ! ಕೋಡಿ ವಾಸಾಪಿ ಎಂಬ ವಿಂಡೋಸ್ ಸದ್ದಿನ ದಾರಿಯಲ್ಲಿ ಓಡುತ್ತಿತ್ತು, ಅದು ಎಪಿಒವನ್ನು ದಾಟಿಕೊಂಡು ಹೋಗುತ್ತದೆ. ಇನ್ನೊಂದು ದಾರಿ ಡೈರೆಕ್ಟ್‌ಸೌಂಡ್ ಆರಿಸಿದ ಮೇಲೆ ಸರಿಯಾಯಿತು. ವಿಂಡೋಸಿನಲ್ಲಿ 24 ಬಿಟ್, 48 ಕಿಲೋಹರ್ಟ್ಸ್ ಇಡಿ, ಸಿನಿಮಾ ಟ್ರ್ಯಾಕುಗಳು ಹೆಚ್ಚಿನವು ಅದೇ.

ಈಗ ಬಾಸ್ ಬಂತು, ಆದರೆ ವಿಪರೀತ ಜಾಸ್ತಿ. ಮಾತಾಡುವವರ ಗಂಟಲೂ ಗುಡುಗಿದ ಹಾಗೆ. ಮೂರು ವಾರ ತಲೆ ಕೆಡಿಸಿಕೊಂಡೆ. ಎಲ್‌ಎಫ್‌ಇ ಚಾನೆಲನ್ನು (ಸಬ್ಬಿಗೆಂದೇ ಇರುವ ಬಾಸ್ ಚಾನೆಲ್) 10 ಡಿಬಿ ಏರಿಸಿ ನುಡಿಸಬೇಕು, ನಾನು ಸಬ್ಬಿನ ನಾಬ್‌ನಲ್ಲಿ ಏರಿಸಿದ್ದೆ. ಬೇರೆ ಚಾನೆಲ್‌ಗಳಿಂದ ಅಲ್ಲಿಗೆ ಸೇರಿಸಿದ ಬಾಸ್ ಕೂಡ ಜೊತೆಗೆ 10 ಡಿಬಿ ಏರುತ್ತಿತ್ತು. ಹಾಗಾಗಿ ಸೇರಿಸುವಾಗ 0.316ರಿಂದ ಗುಣಿಸಬೇಕು, ಅಂದರೆ 10 ಡಿಬಿ ಇಳಿಸಬೇಕು. ಈ ಒಂದು ಸಂಖ್ಯೆ ಸಿಕ್ಕಿದ ದಿನ ನಾನು ಗೆದ್ದೆ. ಫಿಲ್ಟರಿನ ಇಳಿಜಾರು ಎಷ್ಟಿಟ್ಟೆ, ಫೇಸ್ ಹೇಗೆ ಕೂಡಿಸಿದೆ ಎಂಬುದನ್ನು ನಾನೇ ಇಟ್ಟುಕೊಳ್ಳುತ್ತೇನೆ. ಮನೆಗೆ ಬಂದವರಿಗೆ ಚಾ ಕೊಟ್ಟು ತೋರಿಸುತ್ತೇನೆ. ಹಿಂದಿನ ಸ್ಪೀಕರುಗಳು ಸೋಫಾಕ್ಕೆ ಎರಡು ಮೀಟರ್ ಹೆಚ್ಚು ಹತ್ತಿರ. ಅವಕ್ಕೆ 6 ಮಿಲಿಸೆಕೆಂಡ್ ತಡ ಕೊಟ್ಟೆ.

ನಡುವೆ ಇನ್ನೊಂದು ಪ್ರಯೋಗ. ಜೂನಿನಲ್ಲಿ ಹಂಚಿನ ಮಾಡಿಗೆ ಬೀಳುವ ಮಳೆಯನ್ನು ಎರಡು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಆರು ಚಾನೆಲ್ಲಿನ ಫ್ಲಾಕ್ (ಲಾಸ್‌ಲೆಸ್ ಆಡಿಯೋ ಫೈಲ್) ಮಾಡಿ, ಹಿಂದಿನ ಸ್ಪೀಕರುಗಳಿಗೆ ಹಾಕಿ ಇಟ್ಟಿದ್ದೆ. ಈ ಏಪ್ರಿಲ್ ಮಧ್ಯಾಹ್ನ ಅದನ್ನು ನುಡಿಸಿದಾಗ ಅಮ್ಮ ಅಡುಗೆಮನೆಯಿಂದ ಓಡಿ ಬಂದು ಅಂಗಳದ ಹಲಸಿನ ಹಪ್ಪಳದ ಚಾಪೆ ಎಳೆಯಲು ಹೊರಟರು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಟೆಸ್ಟ್ ಇಲ್ಲ.

ಒಟ್ಟು ಖರ್ಚು, ಹಾಳಾದದ್ದೂ ಸೇರಿ, ಹದಿನಾಲ್ಕು ಸಾವಿರದ ಒಳಗೆ. ತಪ್ಪು ಮಾಡದೆ ಹೋಗಿದ್ದರೆ ಎಂಟರಲ್ಲಿ ಮುಗಿಯುತ್ತಿತ್ತು. ಆರು ಆರ್‌ಸಿಎ ಕೇಬಲ್ಲಿಗೆ ಒಂಬೈನೂರು ಕೊಟ್ಟೆ, ಅದಕ್ಕಿಂತ ದುಬಾರಿಯದ್ದು ಬೇಡ. ಆಟ್ಮಾಸ್ (ತಲೆಯ ಮೇಲಿನಿಂದಲೂ ಸದ್ದು ಬರುವ ಡಾಲ್ಬಿ) ಟ್ರ್ಯಾಕಿನಲ್ಲಿ ಮೇಲಿನ ಸ್ಪೀಕರಿನ ಸದ್ದು ಕೆಳಗಿನವಕ್ಕೇ ಸೇರಿ ಬರುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. 640ರ ಎಸಿ3ಗೂ ಇದಕ್ಕೂ ಆಕಾಶ ಭೂಮಿ ಅಂತರ ಅಂತ ನಾನು ಹೇಳುವುದಿಲ್ಲ. ಆದರೆ ಜೋರು ಸದ್ದು ಮುಗಿದ ಕೂಡಲೇ ಬರುವ ಸಣ್ಣ ಸದ್ದುಗಳು, ಬಳೆ, ದೂರದ ಮಾತು, ಇವು ಈಗ ಸ್ಪಷ್ಟವಾಗಿವೆ.

ಗುಜರಿಗೆ ಹಾಕು ಎಂದ ಗೆಳೆಯನ ಮನೆಯ ಅಟ್ಟದಲ್ಲೂ ಇದೇ ಕಾಲದ ಒಂದು ರಿಸೀವರ್ ಉಂಟು. ಭಾನುವಾರ ಇಳಿಸಿ ಹಿಂದೆ ಆರು ತೂತು ಉಂಟಾ ನೋಡಬೇಕು.